ಮಣಿಪಾಲದ ಏರು ಹತ್ತದ ಕಾರು

10-2-1981, ಮಂಗಳವಾರ

ನಾನು ಕಟ್ಟಿದ ಇಂಜಿನ್ ಸರಿಯಾಗಿಯೇ ಇದೆ. ಹೊಸ ಪಿಸ್ಟನ್ ಹಾಕಿದರೂ ತಮ್ಮ ಕಾರು ಮಣಿಪಾಲದ ಏರು ಹತ್ತುವುದಿಲ್ಲವೆಂದು ಕುವೈತಿನಿಂದ ಬಂದ ಸ್ಟ್ಯಾನಿಸ್ಲಾಸ್ ಪೊರ್ಬುಗಳು ನಮ್ಮೂರು ಕಾಪುವಿನಲ್ಲೆಲ್ಲ ನನ್ನ ಹೆಸರು ಕೆಡಿಸಿದ್ದಾರೆ. ಇಂದು ಗ್ಯಾರೇಜಿನಲ್ಲೂ ಎಲ್ಲರೆದುರು, "ನಾಲ್ಕನೇ ಕ್ಲಾಸು ಕಲಿತವನಿಗೆ ಇಂಜಿನ್ ಕೊಟ್ಟದ್ದು ನನ್ನದೇ ತಪ್ಪು. ಪುನಃ ಬಿಚ್ಚು ಮಾರಾಯ," ಎಂದರು.

ನಾನು ಬಿಚ್ಚಲಿಲ್ಲ. ಅವರನ್ನೇ ಸೀಟಿನಲ್ಲಿ ಕೂರಿಸಿ, ಎಕ್ಸಲರೇಟರ್ ಪೆಡಲ್ ಪೂರ್ತಿ ಒತ್ತಲು ಹೇಳಿ, ಬಾನೆಟ್ ಎತ್ತಿ ನೋಡಿದೆ. ಇಂಜಿನಿಗೆ ಪೆಟ್ರೋಲ್ ಬಿಡುವ ಕಾರ್ಬುರೇಟರಿನ ಬಾಯಿ ಅರ್ಧವೇ ತೆರೆಯಿತು. ಹೊಸ ಇಂಜಿನಿನ ಖುಷಿಗೆ ಅವರು ಹಾಸಿದ್ದ ಕುವೈತಿನ ದಪ್ಪ ಕಾರ್ಪೆಟ್ ಪೆಡಲನ್ನು ತಡೆಯುತ್ತಿತ್ತು! ಅದನ್ನು ತೆಗೆದ ಮೇಲೆ ಕಾರು ಏರನ್ನು ಸಲೀಸಾಗಿ ಹತ್ತಿತು.

"ಕಾರ್ಪೆಟಿನ ವಿಷಯ ಯಾರಿಗೂ ಹೇಳಬೇಡ, ಆಯ್ತಾ?" ಎಂದರು ಪೊರ್ಬುಗಳು.

ದೊಡ್ಡವರೆದುರು ನನಗೆ ಮಾತು ಬರುವುದೇ ಕಷ್ಟ. ಆದರೂ ಹೇಳಿದೆ: "ನಾನು ಹೇಳುವುದಿಲ್ಲ. ಕಾಪುವಿನಲ್ಲಿ ನೀವೇ ಹೇಳಬೇಕು."