ತೊಂಬತ್ತು ಯೂನಿಫಾರ್ಮ್

ಸೋಮವಾರ, 3

ಅಳತೆ ಟೇಪ್ ಹುಡುಕುವುದರಲ್ಲೇ ಅರ್ಧ ಬೆಳಗು ಹೋಯಿತು. ಈ ವರ್ಷದ ಯೂನಿಫಾರ್ಮ್ ಪಟ್ಟಿ ಆಫೀಸಿನಿಂದ ನನ್ನ ಸ್ಟೋರಿಗೆ ಬಂತು; ಕೆಲಸಗಾರರಿಗೆ ಯೂನಿಫಾರ್ಮ್, ಶೂ ಕೊಡುವುದು ನಾನೇ. ಫ್ಯಾಕ್ಟರಿಯಲ್ಲಿ ಇನ್ನೂರ ಹನ್ನೆರಡು ಜನ. ಪಟ್ಟಿಯಲ್ಲಿ ತೊಂಬತ್ತೇ ಹೆಸರು. ನನ್ನದಿದೆ. ಪ್ಯಾಕಿಂಗ್‌ನವರದು ಒಂದೂ ಇಲ್ಲ, ಅಲ್ಲಿರುವ ಭಾವನದೂ ಇಲ್ಲ.

ಎರಡನೇ ಪುಟ ಬಿಟ್ಟುಹೋಗಿದೆ ಅಂತ ಫೋನ್ ಮಾಡಿದೆ. ಎತ್ತಿದ್ದು ಆಫೀಸಿನ ಗುಮಾಸ್ತೆ. "ಅಯ್ಯೋ, ಅದು ನಿಮಗೆ ಈಗ್ಲೇ ಬರಬಾರ್ದಿತ್ತು" ಅಂದು ಇಟ್ಟುಬಿಟ್ಟಳು.

ಮಂಗಳವಾರ, 4

ಮ್ಯಾನೇಜರ್ ಖುದ್ದು ಸ್ಟೋರಿಗೆ ಬಂದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ! ಬಾಗಿಲು ಮುಚ್ಚಿದರು.

"ಅಳತೆ ಎಲ್ಲರದೂ ತಗೊಳ್ಳಿ. ಹೊಲಿಯೋಕೆ ಈ ತೊಂಬತ್ತು ಮಾತ್ರ ಕಳ್ಸಿ. ನಿಮ್ಮ ಹೆಸರಿದೆ ಅಲ್ವಾ ಇದ್ರಲ್ಲಿ?"

"ಇದೆ ಸಾರ್."

ನಕ್ಕರು. ಥೂ, ನಾನೂ ನಕ್ಕೆ.

ಶುಕ್ರವಾರ, 7

ಗೇಟಿಗೆ ನೋಟಿಸ್ ಅಂಟಿಸಿದ್ದಾರೆ. ಜನ ಕಡಿಮೆ ಮಾಡುವ ಯೋಚನೆಯಿದೆ, ಇನ್ನೂ ಏನೂ ತೀರ್ಮಾನವಾಗಿಲ್ಲ, 18ಕ್ಕೆ ಕೆಲಸಗಾರರ ಪ್ರತಿನಿಧಿ ಜೊತೆ ಸಮಾಲೋಚನೆ. ಎಲ್ಲರೂ ಸೇರಿ ಭಾವನನ್ನೇ ಪ್ರತಿನಿಧಿ ಮಾಡಿದರು.

ಮಧ್ಯಾಹ್ನ ಭಾವ ಅಳತೆಗೆ ಬಂದರು. "ಹೊಟ್ಟೆ ಹತ್ರ ಸ್ವಲ್ಪ ಸಡಿಲ ಇರ್ಲಿ ಕಣಮ್ಮ. ನಿಮ್ಮಕ್ಕ ಬಡಿಸೋದು ನಿಲ್ಸಲ್ಲ." ಎದೆ ನಲವತ್ತೆರಡು. ಬರೆದುಕೊಂಡೆ. ಟೇಪ್ ಸುತ್ತಿಕೊಂಡು ಮುಂದಿನವರನ್ನು ಕರೆದೆ.

ಶುಕ್ರವಾರ, 14

ವಾರವಿಡೀ ಬರೆಯಲಿಲ್ಲ. ದಿನಾ ಅಳತೆ... ಕಾಲರ್ ಬಿಗಿಯಾಗದಿರಲಿ ಅನ್ನುವವರು, ಜೇಬು ಇನ್ನೊಂದಿರಲಿ ಅನ್ನುವವರು. ಎಲ್ಲರಿಗೂ ಆಯ್ತು ಆಯ್ತು ಅಂದೆ. ಮ್ಯಾನೇಜರ್ ದಿನಕ್ಕೆರಡು ಸಲ ಟಕಟಕ ಶೂ ಸದ್ದು ಮಾಡುತ್ತ ಬಂದು ಇಣುಕಿ ಹೋಗುತ್ತಾರೆ. ಏನೂ ಕೇಳುವುದಿಲ್ಲ.

ಸೋಮವಾರ, 17, ಸಂಜೆ

ಅಕ್ಕನ ಮನೆಗೆ ಹೋಗಿದ್ದೆ. ಊಟದ ಮೇಜಿನ ತುಂಬ ಭಾವನ ಕಾಗದಗಳು. ಎಲ್ಲರಿಗೂ ವಾರಕ್ಕೆ ನಾಲ್ಕೇ ದಿನ ಕೆಲಸ, ಯಾರನ್ನೂ ಕೆಲಸದಿಂದ ತೆಗೆಯುವುದು ಬೇಡ — ಇದು ಅವರ ಸಲಹೆ.

"ತೀರ್ಮಾನಕ್ಕೆ ಮೊದ್ಲು ನಮ್ಮನ್ನ ಕೇಳ್ಲೇಬೇಕು, ಕಾನೂನು ಅದು. ಮೊದ್ಲೇ ಹೆಸರು ಆರಿಸಿಟ್ಟಿದ್ರೆ ಕೋರ್ಟಲ್ಲಿ ನಿಲ್ಲಲ್ಲ."

"ಆರಿಸಿಟ್ಟಿದ್ರೆ ನಿಮಗೆ ಹೇಗ್ರೀ ಗೊತ್ತಾಗತ್ತೆ?" ಅಂದಳು ಅಕ್ಕ.

"ಅದೇ ಮತ್ತೆ. ಸಾಕ್ಷಿ ಇಲ್ದಿದ್ರೆ, ಸಮಾಲೋಚನೆ ಆಯ್ತು ಅಂತ ನಾಳೆ ಸೈನ್ ಹಾಕಿ ಬರೋದು." ನನ್ನ ಕಡೆ ತಿರುಗಿದರು. "ಯಾಕಮ್ಮ ಸಪ್ಪಗಿದೀಯ? ನಿನ್ ಕೆಲಸ ಹೋಗೋಕೆ ಬಿಡಲ್ಲ ನಾನು."

ತಟ್ಟೆ ತೊಳೆಯಲು ಎದ್ದೆ.

ಮಂಗಳವಾರ, 18. ಬೆಳಗ್ಗೆ 9.40

ಹತ್ತಕ್ಕೆ ಮೀಟಿಂಗ್. ಪಟ್ಟಿ ಮಡಚಿ ಈ ಡೈರಿಯಲ್ಲೇ ಇಟ್ಟಿದ್ದೇನೆ. ಮೇಲೆ ಮೂರನೇ ತಾರೀಖು, ಕೆಳಗೆ ಮ್ಯಾನೇಜರ್ ಸಹಿ. ಸ್ಟೋರಿಗೆ ಬಂದುಹೋಗಿ ಅಂತ ಭಾವನಿಗೆ ಹೇಳಿದ್ದೇನೆ. ಕೊಟ್ಟುಬಿಡುತ್ತೇನೆ. ಕೆಲಸ ಹೋದರೆ ಹೋಗಲಿ, ಭಯ ಅದಲ್ಲ. ಅದರಲ್ಲಿ ನನ್ನ ಹೆಸರು ನೋಡಿ, ತಾರೀಖು ನೋಡಿ, "ಹದಿನೈದು ದಿನ ಸುಮ್ನಿದ್ಯಾ?" ಅಂದರೆ...

ಹೊರಗೆ ಹೆಜ್ಜೆ ಸದ್ದು. ಭಾವ ಬಂದರು.

ಅಲ್ಲ. ಇದು ನಾನು ಕೆಲಸಗಾರರಿಗೆ ಕೊಡುವ ಶೂ ಸದ್ದಲ್ಲ, ಇದು ಆ ಟಕಟಕ