ಸೇತುವರ್ಷದ ಅಕ್ಕೋರು

ಫೆಬ್ರುವರಿ ಮೂವತ್ತು, ಇಸವಿ ೨೧೬೩
ಡಂಬಳ, ಕಪ್ಪತಗುಡ್ಡದ ತಪ್ಪಲು

ಪದವಿ ಪಡೆದು ಬೇರೊಂದು ಕೆಲಸದಲ್ಲಿದ್ದೂ, ಶಾಲೆಯ ಮುಂದೆ ಹಾದುಹೋಗುವಾಗ ಯಾಕೋ ನಡಿಗೆ ನಿಧಾನ ಮಾಡುವ ನಿಮಗೆ, ಶಿವಲೀಲಾ ಕಪ್ಪತ್ತನವರ ಮಾಡುವ ವಂದನೆಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಹಿರಿಯರು ತಿಂಗಳುಗಳನ್ನು ಸರಿಮಾಡುವಾಗ ಫೆಬ್ರುವರಿಯ ಮೇಲೂ ಕರುಣೆ ತೋರಿ ಮೂವತ್ತು ದಿನ ಕೊಟ್ಟರು. ನನ್ನ ಕೆಲವು ಶಬ್ದಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಅದಕ್ಕೆ ಕ್ಷಮೆಯಿರಲಿ. ಭಾಷೆ ಅದೇ ಕನ್ನಡ. ಹೊಸ ಸಾಮಾನು ಬಂದಾಗ ಅದಕ್ಕೊಂದು ಹೆಸರು ಇಡಲೇಬೇಕಾಯಿತು, ಅಷ್ಟೇ.

ಸುದ್ದಿಯನ್ನು ಇನ್ನು ತಡೆಹಿಡಿಯಲಾರೆ. ನಿನ್ನೆ ನನಗೆ ಶಿಕ್ಷಕಿಯ, ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರ, ಮಾನ್ಯತೆ ಸಿಕ್ಕಿತು. ನನಗೀಗ ನಲವತ್ನಾಲ್ಕು ವರ್ಷ. ಇಂಜಿನಿಯರಿಂಗ್ ಓದಿದವಳು, ಹೋದ ವರ್ಷದವರೆಗೆ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವಳು. ಈ ಪತ್ರವನ್ನು ಬೆಳಗಿನ ಜಾವ ಶಾಲೆಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಮೊದಲ ದಿನ ಶಾಲೆಗೆ ಹೊರಟ ಮಗುವಿನ ಹಾಗೆ ಬೇಗ ಬಂದುಬಿಟ್ಟಿದ್ದೇನೆ.

ನಮ್ಮ ಶಾಲೆಗಳ ಬಗ್ಗೆ ಸ್ವಲ್ಪ ಹೇಳಬೇಕು. ಬಿಸಿಲು ನಿಮ್ಮ ಕಾಲಕ್ಕಿಂತ ಕಟುವಾದ್ದರಿಂದ ನಾವು ಹೊತ್ತು ಮೂಡುವ ಮುಂಚೆಯೇ ಪಾಠ ಶುರುಮಾಡುತ್ತೇವೆ. ನಡುಹಗಲು ನೆರಳುಬಿಡುವು. ಆಗ ಊರಿಗೆ ಊರೇ ನೆಲಮನೆಗಳಿಗೆ ಇಳಿದು ರೊಟ್ಟಿ ತಿಂದು ಮಲಗುತ್ತದೆ. ಸಂಜೆ ಮತ್ತೆ ಪಾಠ. ನನ್ನ ತಾಯಿಯ ತಲೆಮಾರಿಗೂ ನನ್ನ ತಲೆಮಾರಿಗೂ ಕಲಿಸಿದ್ದು ಕಲಿಪೆಟ್ಟಿಗೆ. ಅದು ಪ್ರತಿ ಮಗುವಿನ ಮುಂದೆ ಕೂತು ಅದರ ವೇಗಕ್ಕೆ ತಕ್ಕಂತೆ ಪಾಠ ಹೇಳುವ ಯಂತ್ರ. ಅದು ಎಂದೂ ದಣಿಯಲಿಲ್ಲ, ಬೈಯಲಿಲ್ಲ, ತಪ್ಪಲೂ ಇಲ್ಲ. ಮಕ್ಕಳಿಗೆ ಉತ್ತರಗಳೆಲ್ಲ ಬಂದವು. ಆದರೆ ಪಕ್ಕದವರನ್ನು ಒಂದು ಪ್ರಶ್ನೆ ಕೇಳುವುದು ಮರೆತುಹೋಯಿತು. ಅದು ಗೊತ್ತಾಗುವಷ್ಟರಲ್ಲಿ ಶಿಕ್ಷಕರಾಗಬೇಕೆನ್ನುವ ಯುವಕರೇ ಉಳಿದಿರಲಿಲ್ಲ. ಬೀಗ ಬಿದ್ದ ತರಬೇತಿ ಕಾಲೇಜುಗಳನ್ನು ಮತ್ತೆ ತೆರೆದು ಹೊಸಬರು ಹೊರಬರುವವರೆಗೆ ಮಕ್ಕಳು ಕಾಯುತ್ತಾರೆಯೇ? ಆಗ ಹುಟ್ಟಿದ್ದು ಸೇತುವರ್ಷ.

ಪದವಿ ಇದ್ದು, ಬೇರೆ ಕಡೆ ದುಡಿದು, ಈಗ ಕಲಿಸಬೇಕೆನ್ನುವವರು ಕೆಲಸ ಬಿಟ್ಟು ಮತ್ತೆ ಕಾಲೇಜಿಗೆ ಹೋಗಬೇಕಿಲ್ಲ. ಶಾಲೆಯಿಂದಲೇ ಸಂಬಳ ಪಡೆಯುತ್ತ ಒಂದು ಇಡೀ ವರ್ಷ ಜೊತೆಗುರು ಎಂಬ ಅನುಭವಿ ಶಿಕ್ಷಕರ ತರಗತಿಯಲ್ಲಿ ಕಲಿಸುತ್ತ ಕಲಿಯಬೇಕು. ಸಂಜೆ ಮಕ್ಕಳ ಮನಸ್ಸಿನ ಶಾಸ್ತ್ರ ಓದಬೇಕು. ವರ್ಷದ ನಡುವೆ ಮತ್ತು ಕೊನೆಯಲ್ಲಿ ಒರೆಗಾರರು ಬರುತ್ತಾರೆ, ಚಿನ್ನವನ್ನು ಒರೆಗೆ ಹಚ್ಚುವವರ ಹಾಗೆ. ಅವರು ನಮ್ಮ ಪಾಠ ಕೇಳುವುದೇ ಇಲ್ಲ. ಪಾಠದ ಮರುದಿನ ಬಂದು, ನಮ್ಮನ್ನು ಹೊರಗೆ ಕೂರಿಸಿ, ಮಕ್ಕಳನ್ನು ಮಾತಾಡಿಸುತ್ತಾರೆ.

ನನ್ನ ಜೊತೆಗುರು ಖೈರುನ್ನಿಸಾ ನದಾಫ. ಕನ್ನಡ ಕಲಿಸುವವರು. ಸಣ್ಣ ಮೈ, ಕೆಳದನಿ, ನಲವತ್ತು ಮಕ್ಕಳ ಗಲಾಟೆಯಲ್ಲೂ ದನಿ ಏರಿಸದವರು. ಮೊದಲ ದಿನ ನಾನು ಗಾಳಿಯ ಬಗ್ಗೆ ಪಾಠ ಮಾಡಿದೆ. ಇಪ್ಪತ್ತು ವರ್ಷ ಗಾಳಿಯ ಜೊತೆ ಬದುಕಿದವಳು, ಕೇಳಬೇಕೇ? ಒತ್ತಡ, ವೇಗ, ರೆಕ್ಕೆಯ ಓರೆ, ಗುಡ್ಡದ ನೆತ್ತಿಯಲ್ಲಿ ಸುಳಿ ಹೇಗೆ ಏಳುತ್ತದೆ ಎನ್ನುವುದು, ಎಲ್ಲ ಹೇಳಿದೆ. ಮಕ್ಕಳು ಉಸಿರೆತ್ತದೆ ಕೂತಿದ್ದರು. ನನಗೆ ಬಹಳ ಹೆಮ್ಮೆಯಾಯಿತು. ಪಾಠ ಮುಗಿದ ಮೇಲೆ ಖೈರುನ್ನಿಸಾ ನನ್ನ ಪಕ್ಕ ನಡೆಯುತ್ತ ಹೇಳಿದರು: "ಭಾಳ ಚಲೋ ಮಾತಾಡ್ತೀರಿ. ಮಕ್ಕಳು ಯಾವಾಗ ಮಾತಾಡೂದು?"

ಅದನ್ನು ನಾನು ಹೊಗಳಿಕೆ ಎಂದೇ ತಿಳಿದೆ. ಆರು ತಿಂಗಳು ಹಾಗೆಯೇ ಹೋಯಿತು. ನಡುವರ್ಷದ ಒರೆಗೆ ಲಕ್ಷ್ಮೇಶ್ವರದಿಂದ ಬಸವಂತಪ್ಪ ಹೂಗಾರ ಎಂಬ ಹಿರಿಯರು ಬಂದರು. ನಾನು ಪಡಸಾಲೆಯಲ್ಲಿ ಕೂತಿದ್ದೆ, ಕಿಟಕಿ ತೆರೆದಿತ್ತು. ಗಾಳಿಯಂತ್ರ ಯಾಕೆ ತಿರುಗುತ್ತದೆ ಎಂದು ಅವರು ಕೇಳಿದರು. ಕೊನೆಗೆ ಸಾವಂತ್ರಿ ಎದ್ದಳು. ಹಿಂದಿನ ಬೆಂಚಿನ ಹುಡುಗಿ, ಯಾರಿಗೂ ಸುಳ್ಳು ಹೇಳಲು ಬಾರದವಳು.

"ಅಕ್ಕೋರಿಗೆ ಭಾಳ ಗೊತ್ತೈತ್ರಿ," ಅಂದಳು. "ನಮಗ ಗೊತ್ತಾಗಿಲ್ಲ."

ಒರೆಯಲ್ಲಿ ನಾನು ಸೋತೆ. ಬಸವಂತಪ್ಪನವರು ಗೌರವದಿಂದಲೇ ಹೇಳಿಹೋದರು, ಆದರೆ ಸೋತದ್ದು ಸೋತದ್ದೇ. ಅದೇ ವಾರ ನನ್ನ ಹಳೆಯ ಮೇಲಧಿಕಾರಿ ಕರೆ ಮಾಡಿದರು. ನನ್ನ ಜಾಗವನ್ನು ಇಷ್ಟು ದಿನ ಖಾಲಿ ಇಟ್ಟಿದ್ದರಂತೆ. ಇನ್ನು ಕಾಯಲಾಗದು, ತಿಂಗಳ ಕೊನೆಯೊಳಗೆ ಬರುತ್ತೀರೋ ಇಲ್ಲವೋ ತಿಳಿಸಿ ಎಂದರು. ಗುಡ್ಡದ ಮೇಲೆ ನಾನು ಹೇಳಿದ್ದನ್ನು ಮಂದಿ ಕೇಳುತ್ತಿದ್ದರು, ಯಂತ್ರಗಳೂ ಕೇಳುತ್ತಿದ್ದವು. ಮರಳಿ ಹೋಗುವ ಮನಸ್ಸಾಯಿತು. ಖೈರುನ್ನಿಸಾಗೆ ಹಾಗೆಯೇ ಹೇಳಿದೆ. ಅವರು ತಡೆಯಲಿಲ್ಲ. ಹೋಗುವ ಮುಂಚೆ ಒಂದು ವಾರ ತಮ್ಮ ಕನ್ನಡ ತರಗತಿಯಲ್ಲಿ, ಸಾವಂತ್ರಿಯ ಪಕ್ಕ ಕೂರಬೇಕೆಂದು ಮಾತ್ರ ಕೇಳಿಕೊಂಡರು.

ಆ ವಾರ ಅವರು ಷಟ್ಪದಿಗೆ ಪ್ರಸ್ತಾರ ಹಾಕುವುದನ್ನು ಕಲಿಸುತ್ತಿದ್ದರು. ನಿಮ್ಮ ಕಾಲದ ಶಾಲೆಯಲ್ಲೂ ಅದು ಇತ್ತೆಂದು ಕೇಳಿದ್ದೇನೆ. ನಾನು ಕಲಿಪೆಟ್ಟಿಗೆಯಲ್ಲಿ ಕಲಿತವಳು, ಲಘು ಗುರು ಎಲ್ಲ ಎಂದೋ ಮರೆತಿದ್ದೆ. ಎಲ್ಲರ ಮಾತ್ರೆ ಸರಿಬಂದರೆ ನನ್ನ ಸಾಲಿನಲ್ಲಿ ಒಂದು ಮಾತ್ರೆ ಕಡಿಮೆ ಬೀಳುತ್ತಿತ್ತು. ಕೈ ಎತ್ತಲು ನಾಚಿಕೆಯಾಯಿತು. ಇಷ್ಟು ದಿನ ನನ್ನ ತರಗತಿಯಲ್ಲಿ ಉಸಿರೆತ್ತದೆ ಕೂತಿದ್ದ ಮಕ್ಕಳ ಒಳಗೆ ಏನಿತ್ತೆಂಬುದು ಆಗ ಅರ್ಥವಾಯಿತು. ಸಾವಂತ್ರಿ ನನ್ನ ಹಾಳೆ ಇಣುಕಿ ನೋಡಿದಳು. ಸರಿಯುತ್ತರ ಹೇಳಲಿಲ್ಲ.

"ಎಲ್ಲಿತನಕ ತಿಳಿದೈತಿ, ಅಲ್ಲಿತನಕ ಓದ್ರಿ," ಅಂದಳು.

ನಾನು ಓದಿದೆ. ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಬಂದಾಗ ನಾಲಿಗೆ ತಡವರಿಸಿತು. ಅವಳು ಬೆಂಚಿನ ಮೇಲೆ ಬೆರಳಿನಿಂದ ತಾಳ ಹಾಕಿದಳು, ಮತ್ತೆ ಓದಿಸಿದಳು. ಆ ಅಕ್ಷರ ಎಳೆಯುವುದು ನನ್ನ ಕಿವಿಗೇ ಕೇಳಿಸಿತು. ಅದು ಗುರು! ನಲವತ್ತು ದಾಟಿದ ಹೆಂಗಸು ನಾನು, ಬೆಂಚಿನಿಂದ ಜಿಗಿದು ಕುಣಿಯುವಷ್ಟು ಖುಷಿಯಾಯಿತು. ಆ ಖುಷಿಯನ್ನು ನಾನು ಯಾವ ಮಗುವಿಗೂ ಒಮ್ಮೆಯೂ ಕೊಟ್ಟಿರಲಿಲ್ಲ.

ಮರುದಿನವೇ ಹಳೆಯ ಕೆಲಸಕ್ಕೆ ಬರುವುದಿಲ್ಲವೆಂದು ತಿಳಿಸಿದೆ. ಮುಂದಿನ ಒರೆಯಲ್ಲಿ ಗೆಲ್ಲುತ್ತೇನೆಂಬ ಭರವಸೆ ಏನೂ ಇರಲಿಲ್ಲ. ಮತ್ತೆ ಸೋತಿದ್ದರೆ ಗುಡ್ಡವೂ ಇಲ್ಲ, ಶಾಲೆಯೂ ಇಲ್ಲ. ಆದರೂ ಆ ದಿನ ನನ್ನ ಮೈ ಹಗುರಾಗಿತ್ತು.

ಅಲ್ಲಿಂದ ನನ್ನ ಪಾಠ ಬೇರೆಯಾಯಿತು. ಮಕ್ಕಳ ಕೈಗೆ ಕಾಗದ, ಕಡ್ಡಿ ಕೊಟ್ಟು ಗಾಳಿಚಕ್ರ ಮಾಡಲು ಹೇಳಿದೆ. ಸಾವಂತ್ರಿ ರೆಕ್ಕೆಗಳನ್ನು ಚಪ್ಪಟೆಯಾಗಿಯೇ ಅಂಟಿಸಿ ಗಾಳಿಗೆ ಹಿಡಿದಳು, ತಿರುಗಲಿಲ್ಲ. ಕಾರಣ ನನ್ನ ನಾಲಿಗೆಯ ತುದಿಯಲ್ಲಿತ್ತು. ಅದನ್ನು ನುಂಗಿಕೊಂಡಷ್ಟು ಕಷ್ಟ ನನಗೆ ಗುಡ್ಡದ ಬಿರುಗಾಳಿಯಲ್ಲೂ ಆಗಿರಲಿಲ್ಲ. ಅವಳು ಕೆಡಿಸಿದಳು, ಹರಿದಳು, ಸಿಟ್ಟಿನಲ್ಲಿ ಕಾಗದ ಮುದುಡಿದಳು. ಮುದುಡಿ ಓರೆಯಾದ ಆ ರೆಕ್ಕೆಗಳೇ ಗಾಳಿ ತಾಗಿ ಅವಳ ಕೈಯಲ್ಲಿ ಮೆಲ್ಲಗೆ ತಿರುಗಿದವು. ತರಗತಿಯಲ್ಲಿ ಎದ್ದ ಗದ್ದಲಕ್ಕೆ ಪಕ್ಕದ ಕೋಣೆಯಿಂದ ದೂರು ಬಂತು.

ನಿನ್ನೆ ಕೊನೆಯ ಒರೆ. ಬಸವಂತಪ್ಪನವರೇ ಬಂದಿದ್ದರು. ನಾನು ಮತ್ತೆ ಪಡಸಾಲೆಯಲ್ಲಿ, ಕಿಟಕಿಗೆ ಕಿವಿಗೊಟ್ಟು. ನಾನು ಕಲಿಸದೇ ಇದ್ದದ್ದನ್ನೇ ಅವರು ಕೇಳಿದರು: ನಾಲ್ಕರ ಬದಲು ಎಂಟು ರೆಕ್ಕೆ ಹಾಕಿದರೆ ಚಕ್ರ ಇನ್ನೂ ಜೋರಾಗಿ ತಿರುಗುತ್ತದೆಯೇ? ಆಮೇಲೆ ಸಾವಂತ್ರಿಯ ದನಿ.

"ಗೊತ್ತಿಲ್ರಿ."

ನಾನು ಕಣ್ಣು ಮುಚ್ಚಿದೆ.

"ಮಾಡಿ ನೋಡ್ತೀವಿ. ಕಾಗದ ಕೊಡ್ರಿ."

ಆಮೇಲೆ ಬೆಂಚು ಎಳೆದ ಸದ್ದು, ಕತ್ತರಿಯ ಸದ್ದು, ಜಗಳ. ಎಂಟರದ್ದು ಭಾರ ಆಗುತ್ತದೆಂದು ಒಬ್ಬರು, ಗಾಳಿ ಹೆಚ್ಚು ಹಿಡಿಯುತ್ತದೆಂದು ಇನ್ನೊಬ್ಬರು. ನೆರಳುಬಿಡುವಿನ ಗಂಟೆ ಹೊಡೆಯಿತು, ಯಾರೂ ಹೊರಬರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಬಸವಂತಪ್ಪನವರೊಬ್ಬರೇ ಬಂದರು. ಅಂಗಿಯ ಮೇಲೆಲ್ಲ ಕಾಗದದ ಚೂರು.

"ಉತ್ತರ ಇನ್ನೂ ಸಿಕ್ಕಿಲ್ಲ," ಅಂದರು. "ಬಿಟ್ಟು ಏಳಾಕ ಒಲ್ಲರು. ನಿಮ್ಮ ಒರೆ ಮುಗೀತ್ರಿ, ಅಕ್ಕೋರ."

ಅಕ್ಕೋರ! ಮಕ್ಕಳು ವರ್ಷವಿಡೀ ಹಾಗೆ ಕರೆದಿದ್ದರು. ನಿನ್ನೆ ಮೊದಲ ಸಲ ಆ ಹೆಸರಿಗೆ ಓಗೊಟ್ಟೆ ಅನ್ನಿಸಿತು. ಖೈರುನ್ನಿಸಾ ಹೊಗಳಲಿಲ್ಲ. ನಾಳೆಯಿಂದ ತಮ್ಮ ತರಗತಿಗೆ ಬರಬೇಡಿ, ನಿಮ್ಮದಕ್ಕೇ ಹೋಗಿ ಎಂದು ನಕ್ಕು, ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಈಗ ನಿಮ್ಮಲ್ಲಿ ಒಂದು ಮಾತು. ನಮ್ಮಲ್ಲೂ ನಡುವೆ ಒಂದು ಕೆಟ್ಟ ಕಾಲ ಬಂದಿತ್ತು. ಶಿಕ್ಷಕರು ಬೇಗ ಬೇಕೆಂದು ವರ್ಷವನ್ನು ವಾರಗಳಿಗೆ ಇಳಿಸಿದರು, ಜೊತೆಗುರುಗಳನ್ನು ಕೈಬಿಟ್ಟರು. ಬುದ್ಧಿವಂತರು ಬಂದರು, ತಿಳಿದದ್ದನ್ನೆಲ್ಲ ಸುರಿದರು, ಸೋತರು, ಹೋದರು. ಮಕ್ಕಳು ಎಲ್ಲಿಗೆ ಹೋಗಬೇಕು? ಆದ್ದರಿಂದ ನಿಮ್ಮ ಕಾಲದಲ್ಲಿ ಇಂಥ ಬಾಗಿಲು ತೆರೆಯುವವರಿಗೆ ಹೇಳಿ: ದಾರಿ ಬೇರೆಯಾಗಲಿ, ಗಿಡ್ಡವಾಗದಿರಲಿ. ಬಿ.ಎಡ್. ಮಾಡಿ ಬಂದವರಿಗೆ ಗೊತ್ತಿರುವುದನ್ನು ಬೇರೆ ದಾರಿಯಿಂದ ಬಂದವರೂ ಕಲಿಯಲೇಬೇಕು.

ನೀವು ಮಾತ್ರ ವಯಸ್ಸಾಯಿತೆಂದು ಹಿಂಜರಿಯಬೇಡಿ. ಬ್ಯಾಂಕಿನಿಂದ, ಕಾರ್ಖಾನೆಯಿಂದ, ಪ್ರಯೋಗಾಲಯದಿಂದ, ಎಲ್ಲಿಂದಲಾದರೂ ಬನ್ನಿ. ಒಂದು ದಿನ ಅನುಮತಿ ಕೇಳಿ ಹತ್ತಿರದ ಶಾಲೆಯ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ನಿಮಗೆ ಬಾರದ ವಿಷಯದ ಪಾಠವಾದರೆ ಇನ್ನೂ ಒಳ್ಳೆಯದು.

ನಸುಕು ಹರಿಯುತ್ತಿದೆ. ಗೇಟಿನ ಹತ್ತಿರ ಮಕ್ಕಳ ಗಲಾಟೆ ಕೇಳುತ್ತಿದೆ. ಹೆಸರು ಕೂಡ ಗೊತ್ತಿಲ್ಲದ ಒಂದು ಪುಟ್ಟ ಹುಡುಗಿ ಆಗಲೇ ಕಟ್ಟೆ ಹತ್ತಿ, ನೀವೇನಾ ನಮ್ಮ ಹೊಸ ಅಕ್ಕೋರು ಎಂದು ಕೇಳುತ್ತಿದ್ದಾಳೆ. ಹೌದು ಎನ್ನಬೇಕು. ಹೋಗಿಬರುತ್ತೇನೆ.

ನಿಮ್ಮ,
ಶಿವಲೀಲಾ ಕಪ್ಪತ್ತನವರ
ಶಿಕ್ಷಕಿ