ತೂಬಿನ ಹಲಗೆ

ಮೇ ೯, ಸಂಜೆ

ಮತ್ತೆ ಕೆಸರು. ಕಾಲು ಮೇಲೆ ಬಂತು, ಬೂಟು ಬರಲಿಲ್ಲ. ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಸತ್ತ ಜೌಗು ನೆಲಕ್ಕೆ ಮರಳಿ ಜೀವ ತುಂಬುವುದನ್ನು ಕಲಿಸುವ ಬೇಸಿಗೆ ಶಿಬಿರ — ಅಂದರೆ ದಿನವಿಡೀ ಕಳೆ ಕೀಳುವುದು, ಜೊಂಡು ನೆಡುವುದು. ನನಗೆ ಜೋಡಿ ಡ್ರೈವರ್ ಮಾವ. ಬಸ್ ಓಡಿಸಿ ರಿಟೈರ್ ಆದವರು. "ಜೀವಮಾನವಿಡೀ ಹೊಗೆ ಬಿಟ್ಟಿದೀನಮ್ಮ. ಈಗ ನಾಲ್ಕು ಹುಲ್ಲು ನೆಟ್ಟು ಹೋಗ್ತೀನಿ." ಹಣೆಯ ಮೇಲೇ ಕನ್ನಡಕ ಇಟ್ಟುಕೊಂಡು ಊರೆಲ್ಲ ಹುಡುಕುತ್ತಾರೆ.

ಮೇ ೧೨, ಮಧ್ಯಾಹ್ನ

ಹೊಸ ಕೊಳದ ತುಂಬ ಗೊದಮೊಟ್ಟೆಗಳು! ಇಲ್ಲಿ ಕಪ್ಪೆ ಮೊಟ್ಟೆಯಿಟ್ಟಿರುವುದು ಇದೇ ಮೊದಲಂತೆ. ಶಿಬಿರ ನಡೆಸುವ ಮೇಡಂ ಮಗುವಿನಂತೆ ಚಪ್ಪಾಳೆ ತಟ್ಟಿದರು. ನನ್ನನ್ನು ಟೀಮ್ ಲೀಡರ್ ಮಾಡಿದ್ದಾರೆ. ಸಂಜೆ ತೂಬಿನ ಹಲಗೆ ಎತ್ತಿ ಸಸಿಗಳಿಗೆ ಸ್ವಲ್ಪ ನೀರು ಬಿಡಬೇಕು, ಮತ್ತೆ ಹಲಗೆ ಹಾಕಬೇಕು. ಕೆಲಸ ನನಗೂ ಮಾವನಿಗೂ.

ಮೇ ೧೩

ಕೊಳ ಖಾಲಿ. ಕೆಸರಿನ ಮೇಲೆ ಕರಿ ಎಳ್ಳು ಚೆಲ್ಲಿದ ಹಾಗೆ... ನೋಡಲಾಗಲಿಲ್ಲ.

"ಹಲಗೆ ಯಾರು ಹಾಕ್ಬೇಕಿತ್ತು?" ಮೇಡಂ ಕೇಳಿದರು.

ಮಾವ ನನ್ನ ಮುಖ ನೋಡಿದರು. "ನಾನೇ... ಅಲ್ವಾ?"

ಸುಮ್ಮನಿದ್ದೆ.

ನಿನ್ನೆ ಹಲಗೆ ಹಾಕಲು ಅವರೇ ಹೊರಟಿದ್ದರು. "ನೀವು ಊಟ ಮಾಡಿ ಮಾವ, ನಾನ್ ಹಾಕ್ತೀನಿ" ಅಂದವಳು ನಾನು. ಅಷ್ಟರಲ್ಲಿ ಅಕ್ಕನ ಫೋನು, ಜಗಳ. ಮರೆತೇಬಿಟ್ಟೆ.

ಸಂಜೆ — ಟೀ ಸೋಸುವ ಜರಡಿ ಹಿಡಿದು, ಗುಂಡಿಯಲ್ಲಿ ಉಳಿದ ಗೊದಮೊಟ್ಟೆಗಳನ್ನು ಮಾವ ಬಕೆಟ್ಟಿಗೆ ತುಂಬುತ್ತಿದ್ದರು. ಪಕ್ಕದಲ್ಲಿ ಕೂತೆ. "ಅಳಬೇಡಮ್ಮ. ನನ್ನ ತಲೇನೇ ಹಾಳು." ನನಗೇ ಸಮಾಧಾನ ಹೇಳುತ್ತಾರೆ!

ಮೇ ೧೪

ನಾಳೆ ಹೇಳುತ್ತೇನೆ.

ಮೇ ೧೮

ಮಾವ ಶಿಬಿರ ಬಿಟ್ಟು ಮನೆಗೆ ಹೋದರು. ಮಗಳು ಕಾರು ತಂದಿದ್ದಳು. ಚೀಲ ಕಾರಿಗೆ ಇಡುತ್ತಾ ನನ್ನ ಹತ್ತಿರ ಮೆಲ್ಲಗೆ, "ಮರೆವು ಇದೆ ಅಂತ ಗೊತ್ತಿತ್ತು. ಹಲಗೆ ಹಾಕೋದೇ ಮರೆಯೋವಷ್ಟು ಅಂತ ಗೊತ್ತಿರ್ಲಿಲ್ಲ. ಇನ್ಮೇಲೆ ಓಡಿಸಲ್ಲ ಅಂತ ಸ್ಕೂಟರ್ ಕೀನ ಅಪ್ಪಾನೇ ನನ್ನ ಕೈಗೆ ಕೊಟ್ಬಿಟ್ರು. ಇನ್ನು ಒಬ್ರನ್ನೇ ಹೊರಗೆ ಕಳ್ಸಲ್ಲ" ಅಂದಳು.

ಬಾಯಿ ತೆರೆದೆ. "ಹುಷಾರಾಗಿ ಹೋಗಿ" ಅಂದೆ. ಛೀ.

ಮೇ ೨೦

ಮೇಡಂಗೆ ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಕೈಯ ಕೆಸರು ಒರೆಸಿಕೊಂಡು, "ನನಗೆ ಹೇಳಿ ಏನು ಪ್ರಯೋಜನ? ಹೇಳ್ಬೇಕಾದವರಿಗೆ ಹೇಳಿದ್ರಾ?" ಅಂದರು. ಮಗಳ ನಂಬರ್ ಕೊಟ್ಟರು.

ಮೇ ೨೧, ಬೆಳಿಗ್ಗೆ

ಫೋನ್ ಮಾಡಿದೆ. ಮಗಳು ಎತ್ತಿ ಮಾವನಿಗೆ ಕೊಟ್ಟಳು. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಮಾವ ಅಂದರು —

"ನೀನು ಹಾಕ್ತೀನಿ ಅಂದಿದ್ದು ನನಗೆ ನೆನಪಿತ್ತಮ್ಮ. ಆದ್ರೆ ಎಲ್ಲರ ಮುಂದೆ ನೀನು ಸುಮ್ನಿದ್ದೆ ನೋಡು, ಆವಾಗ ನನ್ನ ನೆನಪೇ ಸುಳ್ಳು ಅನ್ಕೊಂಡೆ."

ಮತ್ತೆ ಅವರೇ ಅಂದರು,

"ಇದನ್ನ ಇವಳಿಗೂ ಹೇಳು. ನಾನು ಹೇಳಿದ್ರೆ ನಂಬಲ್ಲ."

ಮಗಳಿಗೂ ಹೇಳಿದೆ. ಅವಳು ಫೋನ್ ಇಡಲಿಲ್ಲ, ಕೂಗಾಡಲಿಲ್ಲ. "ಬಂದಾಗಿಂದ ಅಪ್ಪ ಕಿಟಕಿ ಹತ್ರ ಕೂತವರು ಎದ್ದಿಲ್ಲ. ಗೊತ್ತಾ ನಿಮಗೆ?"

ಗೊತ್ತಿಲ್ಲ ಅಂದೆ.

ಗೊತ್ತಿತ್ತು. ಕಾರು ಹತ್ತುವಾಗ, ಬಾಗಿಲು ತೆಗೆಯುವುದು ಹೇಗೆಂದು ಅವರು ಮಗಳನ್ನು ಕೇಳಿದರಲ್ಲ — ಬಸ್ ಓಡಿಸಿದ ಮನುಷ್ಯ — ತಮ್ಮ ಮೇಲಿನ ನಂಬಿಕೆಯನ್ನೇ ಅವರು ಕಳೆದುಕೊಂಡಿದ್ದು ಆಗಲೇ ನನಗೆ ಕಂಡಿತ್ತು.